ಕಾವಲು ಮಲಗಿರಲಿ

ಎಲೆ ಪೂರ್ತಿ ಒಣಗಿದ ಮೇಲೇ ಅಗೆಯಬೇಕು ಹುವಾಂಗ್‌ಛಿ.
ಅವಸರ ಮಾಡಿದರೆ ಬೇರಿನಲ್ಲಿ ಬರೀ ನೀರು.
ನಮ್ಮ ಹುನ್‌ಯುವಾನ್ ಬೆಟ್ಟದ ಮಣ್ಣು ಸಡಿಲ, ಮರಳು ಮರಳು;
ಬೇರು ನೆಟ್ಟಗೆ ಇಳಿಯುತ್ತದೆ ಚಾಟಿಯ ಹಾಗೆ
ನನ್ನ ಎದೆಮಟ್ಟದ ಆಳಕ್ಕೆ.
ತುದಿ ಮುರಿದರೆ ಬೆಲೆ ಅರ್ಧ.
ಅದಕ್ಕೇ ಕೊನೆಯ ಒಂದು ಗೇಣು
ಗುದ್ದಲಿ ಬದಿಗಿಟ್ಟು ಬೆರಳಲ್ಲೇ ಕೆದಕುತ್ತೇನೆ,
ಮಗುವಿನ ಕಿವಿಯ ಗುಗ್ಗೆ ತೆಗೆಯುವ ಹಾಗೆ.

ಆರು ವರ್ಷದ ಬೇರನ್ನು ಓರೆಯಾಗಿ ಕೊಯ್ದರೆ
ನಡುವೆ ಹಳದಿ, ಸುತ್ತ ಬಿಳಿ,
ಸೇವಂತಿಗೆ ಅರಳಿದಂತೆ ಗೆರೆ.
ಅಗಿದರೆ ಮೊದಲು ಹಸಿ ಕಾಳಿನ ಘಾಟು,
ಆಮೇಲೆ ನಿಧಾನಕ್ಕೆ ಸಿಹಿ.

ನನ್ನ ಅತ್ತೆ ಇದನ್ನು ‘ಹಿರಿಯ’ ಎನ್ನುತ್ತಿದ್ದಳು.
ಹಿರಿಯ ಮನೆಯಲ್ಲಿದ್ದರೆ ನೆಗಡಿ ಹೊಸಿಲು ದಾಟದು ಎಂದು
ಚಳಿಗಾಲದ ಕೋಳಿಸಾರಿಗೆ ಏಳು ಬಿಲ್ಲೆ, ಒಂದು ಹಿಡಿ ಬೋರೆಹಣ್ಣು.
ನಿಜವೋ ಸುಳ್ಳೋ,
ತೊಂಬತ್ತೊಂದನೇ ವಯಸ್ಸಿಗೆ ಅವಳು ಸತ್ತದ್ದು
ಬಾವಿಕಟ್ಟೆಯ ಮಂಜುಗಡ್ಡೆಯಲ್ಲಿ ಜಾರಿ;
ನೆಗಡಿಯಿಂದಲ್ಲ.

ಪೇಟೆಯ ಮದ್ದಿನಂಗಡಿಯ ಮುದುಕ ಶ್ವೆ ಮಾತ್ರ
ಅಷ್ಟು ಸಲೀಸಾಗಿ ಪೊಟ್ಟಣ ಕಟ್ಟುವವನಲ್ಲ.
ನಾಲಗೆ ಚಾಚು ಅನ್ನುತ್ತಾನೆ.
ಜ್ವರ ಇದೆಯಾ? ಹಾಗಾದರೆ ಬೇಡ, ನಡಿ.
ಕಳ್ಳ ಒಳಗಿರುವಾಗ
ಬಾಗಿಲಿಗೆ ಅಗುಳಿ ಹಾಕುತ್ತಾರೇನು?

ಇಪ್ಪತ್ತಾರಕ್ಕೆ ನನ್ನ ಯಾನ್‌ಛಿಂಗ್‌ಳ ಮುಖ ಊದಿತು.
ತಾಯ್‌ಯುವಾನ್‌ನ ಆಸ್ಪತ್ರೆ. ವಾರಕ್ಕೆ ಮೂರು ಸಲ ಯಂತ್ರ.
ಎರಡನೇ ವಸಂತಕ್ಕೆ ನನ್ನ ಎಡಗಡೆಯ ಕಿಡ್ನಿ
ಅವಳ ಹೊಟ್ಟೆಯ ಬಲಮೂಲೆ ಸೇರಿತು.
ಹೆತ್ತಾಗ ಅವಳು ನನ್ನೊಳಗಿದ್ದಳು;
ಈಗ ನಾನು.

ಅವಳು ಮನೆಗೆ ಬಂದ ದಿನ ಒಲೆ ಹಚ್ಚಿದೆ.
ವ್ಯಾಪಾರಿಗೂ ತೋರಿಸದೆ ತೆಗೆದಿಟ್ಟಿದ್ದ ಬೇರು,
ತುದಿ ಮುರಿಯದ್ದು,
ಜೇನಿನಲ್ಲಿ ಹುರಿದು ಪಾತ್ರೆಗೆ ಹಾಕಿದೆ.
ವಾಸನೆಗೆ ಕಣ್ಣು ಮುಚ್ಚಿ ತೆರೆದಳು.
ಬಟ್ಟಲು ಮುಟ್ಟಲಿಲ್ಲ.
ಚೀಲದಿಂದ ಆಸ್ಪತ್ರೆಯ ಹಾಳೆ ತೆಗೆದು ಮುಂದಿಟ್ಟಳು.
ತಿನ್ನಬಾರದ್ದರ ಪಟ್ಟಿ. ಮೂರನೇ ಸಾಲಿನಲ್ಲಿ
ನನ್ನ ಬೇರಿನ ಹೆಸರು.

ಯಾವನೋ ಹುಡುಗ ಡಾಕ್ಟರು ಬರೆದದ್ದು ಎಂದು
ಸಿಟ್ಟಿನಲ್ಲಿ ಬಸ್ಸು ಹತ್ತಿದೆ.
ಶ್ವೆ ಆ ಹಾಳೆಯನ್ನು ಎರಡು ಸಲ ಓದಿದ.
ಕನ್ನಡಕ ತೆಗೆದು ತಕ್ಕಡಿಯ ಪಕ್ಕ ಇಟ್ಟ.
‘ಅವಳ ಮೈಯ ಕಾವಲುಗಾರರಿಗೆ
ನೀನು ಅವಳ ತಾಯಿ ಅಂತ ಗೊತ್ತಿಲ್ಲ, ಚ್ಯಾವ್.
ರಾತ್ರಿ ಗೋಡೆ ಹಾರಿ ಬಂದವಳು, ಅಷ್ಟೇ.
ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ
ಈ ಮಾತ್ರೆ ಅವರನ್ನು ಮಲಗಿಸುತ್ತದೆ.
ನಿನ್ನ ಬೇರು ಅವರ ಹೆಗಲು ತಟ್ಟಿ ಎಬ್ಬಿಸೀತು.
ಎಬ್ಬಿಸದೆಯೂ ಇದ್ದೀತು. ನನಗೆ ಗೊತ್ತಿಲ್ಲ.
ಗೊತ್ತಿಲ್ಲದ್ದನ್ನು ನಾನು ತೂಗುವುದಿಲ್ಲ.’

ಬೇಲಿಯೇ ಎದ್ದು ಹೊಲ ಮೇಯುವುದು ಕೇಳಿದ್ದೆ.
ಬೇಲಿಗೆ ಗೊಬ್ಬರ ಹಾಕಲು ಹೊರಟಿದ್ದವಳು ನಾನು.

ಆ ಸಾರನ್ನು ಪಕ್ಕದ ಮನೆಯ ಲಾರಿ ಡ್ರೈವರ್ ಕುಡಿದ.
ಚೆನ್ನಾಗಿತ್ತಂತೆ. ಉಪ್ಪು ಕಡಿಮೆಯಂತೆ.

ಈಗಲೂ ಅಗೆಯುತ್ತೇನೆ, ಒಂದೇ ಕಿಡ್ನಿಯಲ್ಲಿ,
ನಡುನಡುವೆ ಕೂತು.
ಯಾನ್‌ಛಿಂಗ್ ಬಾಯಿಗೆ ಬಟ್ಟೆ ಕಟ್ಟಿಕೊಂಡು
ಬದುವಿನ ಮೇಲೆ ಲೆಕ್ಕ ಬರೆಯುತ್ತಾಳೆ:
ಇಷ್ಟು ಗ್ವಾಂಗ್‌ಝೌಗೆ, ಇಷ್ಟು ಹಾಂಗ್‌ಕಾಂಗಿಗೆ,
ಯಾರ್‍ಯಾರದೋ ಮನೆಯ ನೆಗಡಿಗೆ.
ಎಂಟಕ್ಕೆ ಅವಳ ಫೋನು ಕೂಗುತ್ತದೆ.
ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು, ಒಂದು ಮಾತ್ರೆ.
ಅವಳು ನುಂಗುವ ತನಕ
ನಾನು ಗುದ್ದಲಿ ಎತ್ತುವುದಿಲ್ಲ,
ಸದ್ದಾದೀತು ಎಂಬಂತೆ.

ಸಂಜೆ ಮನೆಗೆ ಬಂದು
ಉಗುರಿನ ಸಂದಿಯ ಸಿಹಿ ವಾಸನೆ ಹೋಗುವ ತನಕ
ಸೋಪು ಹಾಕಿ ಕೈ ಉಜ್ಜುತ್ತೇನೆ.
ಆಮೇಲೆ ಮೂಲಂಗಿ ಹೆಚ್ಚುತ್ತೇನೆ.